ನಿರ್ಮಾಪಕನ ಕಾರ್ಯ: ಎರಿಖ್ ಪೊಮ್ಮರನ ವೃತ್ತಿಜೀವನ

ಚಲಚ್ಚಿತ್ರದ ಇತಿಹಾಸಕಾರರು ಸಾಮಾನ್ಯವಾಗಿ ನಿರ್ದೇಶಕರ ಹೆಸರುಗಳನ್ನೇ ಮುಂದಿಡುತ್ತಾರೆ. ಹಣ ಹೊಂದಿಸುವವನೆಂದು ಮಾತ್ರ ಪರಿಗಣಿತನಾಗುವ ನಿರ್ಮಾಪಕನು ಕಲೆಯ ವಿಕಾಸಕ್ಕೂ ಕಾರಣನಾಗಬಲ್ಲನೆಂಬುದಕ್ಕೆ ಎರಿಖ್ ಪೊಮ್ಮರನ ಜೀವನವು ನಿದರ್ಶನವಾಗಿದೆ.

ಪೊಮ್ಮರನು 1889ರಲ್ಲಿ ಜರ್ಮನಿಯ ಹಿಲ್ಡೆಸ್‌ಹೈಮ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದನು. ಗೋಮೋನ್ ಮತ್ತು ಎಕ್ಲೇರ್ ಎಂಬ ಫ್ರೆಂಚ್ ಸಂಸ್ಥೆಗಳಲ್ಲಿ ಚಿತ್ರವ್ಯಾಪಾರವನ್ನು ಕಲಿತು, 1915ರಲ್ಲಿ ಬರ್ಲಿನ್ನಿನಲ್ಲಿ ಡೆಕ್ಲಾ ಸಂಸ್ಥೆಯನ್ನು ಸ್ಥಾಪಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನಿಕನಾಗಿ ಸೇವೆ ಸಲ್ಲಿಸಿದನು. 1920ರಲ್ಲಿ ಡೆಕ್ಲಾ ಹೊರತಂದ 'ಡಾಕ್ಟರ್ ಕಲಿಗಾರಿ'ಯು, ಬಣ್ಣದಿಂದ ಬರೆದ ವಕ್ರವಾದ ರಂಗಸಜ್ಜಿಕೆಯ ಮೂಲಕ ಮನಸ್ಸಿನ ವಿಕಾರವನ್ನು ಕಣ್ಣಿಗೆ ಕಾಣಿಸಿ, ಜರ್ಮನ್ ಚಿತ್ರಗಳಿಗೆ ಹೊರದೇಶಗಳಲ್ಲಿಯೂ ಕೀರ್ತಿ ತಂದಿತು.

1921ರಲ್ಲಿ ಅವನ ಸಂಸ್ಥೆಯು ಉಫಾ ಎಂಬ ಬೃಹತ್ ಸಂಸ್ಥೆಯಲ್ಲಿ ಲೀನವಾಯಿತು. 1923ರಲ್ಲಿ ಅವನು ಅಲ್ಲಿನ ನಿರ್ಮಾಣ ವಿಭಾಗದ ಮುಖ್ಯಸ್ಥನಾದನು. ಲೇಖಕ, ನಿರ್ದೇಶಕ, ಛಾಯಾಗ್ರಾಹಕ, ಕಲಾಕಾರ, ಇವರೆಲ್ಲರೂ ಆರಂಭದಿಂದಲೇ ಒಂದು ತಂಡವಾಗಿ ಚಿತ್ರವನ್ನು ರೂಪಿಸಬೇಕೆಂಬುದು ಅವನ ಪದ್ಧತಿ. 1924ರ 'ಕಡೆಯ ಮನುಷ್ಯ'ವು ಇದರ ಫಲ. ಲೇಖಕ ಮೇಯರ್, ನಿರ್ದೇಶಕ ಮುರ್ನೌ, ಛಾಯಾಗ್ರಾಹಕ ಫ್ರಾಯ್ಂಡ್, ಈ ಮೂವರೂ ಕೂಡಿ, ಚಲಿಸುವ ಕ್ಯಾಮರಾದ ಬಲದಿಂದ, ಬರೆಹದ ಫಲಕಗಳ ನೆರವಿಲ್ಲದೆಯೇ ಕಥೆಯನ್ನು ಬಹುಮಟ್ಟಿಗೆ ನಿರೂಪಿಸಿದರು. ಈ ಪದ್ಧತಿಯು ಅಗ್ಗವಾದುದಲ್ಲ. 'ಮೆಟ್ರೊಪೊಲಿಸ್' ಚಿತ್ರದ ವೆಚ್ಚವು ಅಂದಾಜನ್ನು ಬಹಳವಾಗಿ ಮೀರಿತು; ಅದು ತೆರೆಕಾಣುವ ಮೊದಲೇ, 1926ರಲ್ಲಿ, ಪೊಮ್ಮರನು ಉಫಾವನ್ನು ಬಿಟ್ಟು ಅಮೆರಿಕೆಗೆ ತೆರಳಿದನು.

ಮರಳಿ ಬಂದ ಮೇಲೆ ವಾಕ್ಚಿತ್ರದ ಸಮಸ್ಯೆ ಎದುರಾಯಿತು. ಮಾತು ಬಂದೊಡನೆ ಚಿತ್ರದ ಮಾರುಕಟ್ಟೆಯು ಭಾಷೆಯ ಎಲ್ಲೆಯೊಳಗೆ ಸಿಲುಕಿಕೊಳ್ಳುತ್ತದೆ. ಆದುದರಿಂದ 1930ರ 'ನೀಲಿ ದೇವತೆ'ಯನ್ನು ಜರ್ಮನ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ, 1931ರ 'ಕಾಂಗ್ರೆಸ್ ಕುಣಿಯುತ್ತದೆ' ಚಿತ್ರವನ್ನು ಫ್ರೆಂಚ್ ಸೇರಿದಂತೆ ಮೂರು ಭಾಷೆಗಳಲ್ಲಿ ತಯಾರಿಸಲಾಯಿತು.

1933ರ ಮಾರ್ಚ್ 28ರಂದು ಗೋಯೆಬೆಲ್ಸನು ಚಿತ್ರೋದ್ಯಮಿಗಳನ್ನುದ್ದೇಶಿಸಿ ಭಾಷಣ ಮಾಡಿದನು. ಮರುದಿನವೇ ಉಫಾದ ಆಡಳಿತ ಮಂಡಲಿಯು ಯಹೂದಿ ನೌಕರರನ್ನು ತೆಗೆದುಹಾಕಲು ನಿರ್ಣಯಿಸಿತು. ಪೊಮ್ಮರನ ಕರಾರೂ ರದ್ದಾಯಿತು. ಯಹೂದಿಗಳನ್ನು ಸರ್ಕಾರಿ ಸೇವೆಯಿಂದ ಹೊರಗಿಡುವ ಶಾಸನ ಬಂದುದು ಏಪ್ರಿಲ್ 7ರಂದು. ಅದೂ ಖಾಸಗಿ ಸಂಸ್ಥೆಗಳಿಗೆ ಅನ್ವಯಿಸುವಂತಹುದಲ್ಲ. ಎಂದರೆ, ಕಾನೂನಿನ ಒತ್ತಾಯವಿಲ್ಲದೆಯೇ ಸಂಸ್ಥೆಯು ತನ್ನ ಶ್ರೇಷ್ಠ ನಿರ್ಮಾಪಕನನ್ನು ಕೈಬಿಟ್ಟಿತು.

ಆ ಬಳಿಕ ಅವನು ಪ್ಯಾರಿಸ್ಸಿನಲ್ಲಿ ಫ್ರಿಟ್ಸ್ ಲಾಂಗನ 'ಲಿಲಿಯೊಂ' ಚಿತ್ರವನ್ನು (1934), ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಲಾಟನ್ನನೊಡಗೂಡಿ ಮೂರು ಚಿತ್ರಗಳನ್ನು ನಿರ್ಮಿಸಿ, ಅನಂತರ ಅಮೆರಿಕೆಯಲ್ಲಿ ನೆಲೆಸಿದನು. ಒಳ್ಳೆಯ ಚಿತ್ರಗಳು ಬಂದುವು. ಆದರೆ ವರ್ಷಗಟ್ಟಲೆ ಕೂಡಿ ದುಡಿದ ತಂಡವು ಮತ್ತೆ ಕೂಡಿಬರಲಿಲ್ಲ. 1946ರಲ್ಲಿ ಅಮೆರಿಕನ್ ಅಧಿಕಾರಿಯಾಗಿ ಜರ್ಮನಿಗೆ ಹಿಂದಿರುಗಿ, ಅಲ್ಲಿನ ಪಾಳುಬಿದ್ದ ಚಿತ್ರೋದ್ಯಮದ ಪುನರ್ರಚನೆಯಲ್ಲಿ ತೊಡಗಿದನು. 1966ರಲ್ಲಿ ನಿಧನನಾದನು.

ನಿರ್ಮಾಪಕನ ಕಲೆಯು ಅವನೊಬ್ಬನಲ್ಲಿಯೇ ನೆಲೆಸಿರುವುದಿಲ್ಲ; ಅವನು ಒಟ್ಟುಗೂಡಿಸಿದ ಜನರ ಪರಸ್ಪರ ವಿಶ್ವಾಸದಲ್ಲಿ ನೆಲೆಸಿರುತ್ತದೆ. ವ್ಯಕ್ತಿಯು ಗಡಿಯನ್ನು ದಾಟಿ ಬದುಕಬಹುದು. ಆ ವಿಶ್ವಾಸವನ್ನು ಕಟ್ಟಿಕೊಂಡು ಹೋಗುವುದು ಸಾಧ್ಯವಿಲ್ಲ.