ಬಾಯಿ ಮುಚ್ಚಿ ನಗುವ ವಯಸ್ಸು

ದಾವಣಗೆರೆಯ ದಂತ ಕಾಲೇಜೊಂದರ ಮೊದಲ ಮಹಡಿ. ಬೇಸಿಗೆ ರಜೆ; ಹಲ್ಲು ನೇರ ಮಾಡುವ ವಿಭಾಗದ ಮುಂದಿನ ಬೆಂಚುಗಳಲ್ಲಿ ಜಾಗವಿಲ್ಲ. ಹರಪನಹಳ್ಳಿ, ಚನ್ನಗಿರಿ ಬಸ್ಸುಗಳಿಂದ ಇಳಿದು ಬಂದ ಅಮ್ಮಂದಿರು ಚೀಟಿ ಹಿಡಿದು ಒಂದೇ ಸಮ ಮಾತಾಡುತ್ತಿದ್ದಾರೆ. ಪಕ್ಕದಲ್ಲಿ ಕೂತ ಮಕ್ಕಳದು ಬಿಗಿದ ತುಟಿ. ಒಬ್ಬಳ ಬಾಯಿಗೆ ದುಪಟ್ಟಾದ ತುದಿ, ಇನ್ನೊಬ್ಬಳಿಗೆ ಅಂಗೈ. ಕೋವಿಡ್ ಹೋದರೂ ಮೂಲೆಯ ಹುಡುಗ ಮಾಸ್ಕ್ ಬಿಟ್ಟಿಲ್ಲ. ಫೋನಿನಲ್ಲಿ ಏನನ್ನೋ ನೋಡಿ ನಗು ಬಂದರೆ ಅವನ ಭುಜ ಮಾತ್ರ ಕುಣಿಯುತ್ತದೆ.

ಒಂಬತ್ತನೇ ತರಗತಿ ಮುಗಿಸಿದ ಹುಡುಗಿ ಕುರ್ಚಿಗೆ ಒರಗುತ್ತಾಳೆ. "ಏನಮ್ಮಾ ತೊಂದರೆ?" ಎನ್ನುತ್ತಾರೆ ಡಾಕ್ಟರ್. ಉತ್ತರ ತಾಯಿಯದು. "ಹಲ್ಲು ಮುಂದೆ ಬಂದಾವ್ರಿ ಮೇಡಂ. ಗ್ರೂಪ್ ಫೋಟೋಕ್ಕೂ ನಿಲ್ಲಲ್ಲ ಅಂತಾಳೆ. ನಾಳೆ ನೋಡಾಕೆ ಬಂದೋರು ಏನಂತಾರೋ." ಹುಡುಗಿ ಸೀಲಿಂಗ್ ಫ್ಯಾನ್ ನೋಡುತ್ತಾಳೆ. ತಾಯಿಯನ್ನು ಹೊರಗೆ ಕಳಿಸಿ ಮೆಲ್ಲಗೆ ಕೇಳಿದ ಮೇಲೆ ವಿಷಯ ಬರುತ್ತದೆ: ಕ್ಲಾಸಿನಲ್ಲಿ ಅವಳ ಹೆಸರು ಹೋಗಿ 'ತುರಿಮಣೆ' ಆಗಿದೆ. ಪಾಠ ಓದಲು ಎದ್ದರೆ ಹಿಂದಿನ ಬೆಂಚಿನಿಂದ ಕಾಯಿ ತುರಿಯುವ ಸದ್ದು. ಉತ್ತರ ಗೊತ್ತಿದ್ದರೂ ಈಗೀಗ ಕೈ ಎತ್ತುವುದಿಲ್ಲ.

ಹಲ್ಲು ಹೀಗೆ ಸಾಲು ತಪ್ಪಲು ಕೆಲವರಿಗೆ ಕಾರಣ ಅಪ್ಪನ ಮನೆಯ ದವಡೆ, ಕೆಲವರಿಗೆ ಬಿಡದ ಬೆರಳು ಚೀಪುವ ಚಟ. ಹಾಲುಹಲ್ಲು ಹುಳುಕಾಗಿ ಬೇಗ ಕಿತ್ತಿದ್ದರೆ ಅಕ್ಕಪಕ್ಕದವು ಜರುಗಿ ಜಾಗ ಹಿಡಿದಿರುತ್ತವೆ. 11–12ರ ಹೊತ್ತಿಗೆ ಬರುವ ಮೇಲಿನ ಕೋರೆಹಲ್ಲು, ತುಂಬಿದ ಬಸ್ಸಿಗೆ ಕೊನೆಗೆ ಹತ್ತಿದವನಂತೆ ಫುಟ್‌ಬೋರ್ಡಿನಲ್ಲೇ ನೇತಾಡಬೇಕು. ಕನ್ನಡಿ ಬಿಟ್ಟು ಕದಲದ ವಯಸ್ಸೂ ಆಗಲೇ ಶುರುವಾಗುವುದು, ದುರದೃಷ್ಟ. ಜಪಾನಿನಲ್ಲಿ ಇದೇ ಉಬ್ಬಿದ ಕೋರೆಹಲ್ಲು ಮುದ್ದೆನ್ನುವವರಿದ್ದಾರೆ, ದುಡ್ಡು ಕೊಟ್ಟು ಕೂರಿಸಿಕೊಂಡವರೂ ಉಂಟು. ಆ ಸಮಾಚಾರ ನಮ್ಮ ಹಿಂದಿನ ಬೆಂಚಿಗೆ ಮುಟ್ಟಿಲ್ಲ.

ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 1981ರಲ್ಲಿ 11–12 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, ಕೈಗೆ ಸಿಕ್ಕವರನ್ನು 20 ವರ್ಷದ ಮೇಲೆ ಮತ್ತೆ ಮಾತಾಡಿಸಿದರು. ಅಗತ್ಯವಿದ್ದೂ ಹಲ್ಲು ಸರಿ ಮಾಡಿಸಿಕೊಳ್ಳದವರು ಅದರಿಂದ ಕುಗ್ಗಿಹೋಗಿರಲಿಲ್ಲ. ಸಮಾಧಾನದ ಮಾತೇ. ಆದರೆ ಹದಿನಾಲ್ಕರವಳಿಗೆ ಮೂವತ್ತು ಇನ್ನೊಂದು ಜನ್ಮ. ಅವಳ ಶಾಲೆ ಬರುವ ತಿಂಗಳೇ ತೆರೆಯುತ್ತದೆ. ಅದಲ್ಲದೆ, ಬಿದ್ದರೆ ಮೊದಲು ಮುರಿಯುವುದೂ ಮುಂದೆ ಬಂದ ಹಲ್ಲೇ.

ಅಳತೆಗೆಂದು ಗುಲಾಬಿ ಬಣ್ಣದ ಹಿಟ್ಟು ಹುಡುಗಿಯ ಬಾಯಿ ತುಂಬುತ್ತದೆ. ಓಕರಿಕೆ, ಕಣ್ಣಲ್ಲಿ ನೀರು, ಗದ್ದದ ಮೇಲೆ ಜೊಲ್ಲು. ಕ್ಲಿಪ್ ಕೂತರೆ ತಂತಿ ಒತ್ತಿದ ಕಡೆ ಮೂಳೆ ಕರಗಬೇಕು, ಆಚೆ ಕಡೆ ಹೊಸದು ಕಟ್ಟಬೇಕು. ಅವಸರ ಮಾಡಿದರೆ ಬೇರಿಗೇ ಪೆಟ್ಟು. ಹಾಗಾಗಿ ಒಂದೂವರೆ, ಎರಡು ವರ್ಷ. ಮೊದಲ ದಿನಗಳಲ್ಲಿ ರೊಟ್ಟಿ ಬಿಟ್ಟು ಮೊಸರನ್ನ. ಚಕ್ಕುಲಿ, ಕಬ್ಬು ಬೇಡ. "ಮಂಡಕ್ಕಿ?" ಎಂದು ಹುಡುಗಿ ಮೊದಲ ಸಲ ತಾನಾಗಿ ಬಾಯಿ ಬಿಡುತ್ತಾಳೆ. ದಾವಣಗೆರೆಗೆ ಬಂದು ಕೇಳಲೇಬೇಕಾದ ಪ್ರಶ್ನೆ.

ಪಕ್ಕದ ಕುರ್ಚಿಯಲ್ಲಿ ಕ್ಲಿಪ್ ಹಾಕಿಸಿ ವರ್ಷವಾದ ಹುಡುಗ. ಪ್ರತಿ ತಿಂಗಳೂ ತಂತಿ ಹಿಡಿಯುವ ರಬ್ಬರ್ ಬಳೆ ಬದಲಿಸಬೇಕು. ಹೋದ ಸಲದ ಬಿಳಿಯವು ಸಾರಿನ ಅರಿಸಿನ ಕುಡಿದು ಹಳದಿಯಾಗಿವೆ. "ಈ ಸಲ ಹಳೇ ಆರ್‌ಸಿಬಿ ಕಲರ್ ಹಾಕ್ರಿ ಮೇಡಂ, ಕೆಂಪು-ಕಪ್ಪು." "ಕಪ್ಪು ಹಾಕಿದ್ರೆ ಹುಳುಕು ಹಲ್ಲು ಕಂಡಂಗೆ ಕಾಣುತ್ತಪ್ಪ." "ಕಾಣ್ಲಿ ಬಿಡ್ರಿ." ಮೇಲಿನ ಸಾಲಿಗೆ ಕೆಂಪು, ಕೆಳಗಿನದಕ್ಕೆ ಕಪ್ಪು ಎಂದು ಅವನು ಚೌಕಾಸಿಗಿಳಿದಿದ್ದಾನೆ, ಮೇಡಂಗೆ ಊಟದ ಹೊತ್ತು ಮೀರುತ್ತಿದೆ.