ಮನೆಯಂಗಳದ ತಿಳಿನೀರಿನಲ್ಲಿ ಬೆಳೆಯುವ ಸೊಳ್ಳೆ

ಡೆಂಗಿ ಜ್ವರವನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯು ಚರಂಡಿಯ ಕೊಳಚೆಗಿಂತ ಸಂಪು, ಡ್ರಮ್ಮು, ಹೂಕುಂಡದ ತಟ್ಟೆ ಮತ್ತು ಎಸೆದ ಟೈರುಗಳಲ್ಲಿ ನಿಂತ ತಿಳಿನೀರನ್ನೇ ಹೆಚ್ಚಾಗಿ ಆಯ್ದುಕೊಳ್ಳುವುದರಿಂದ, ಬೆಂಗಳೂರಿನಂತಹ ನಗರದ ಬಡಾವಣೆಗಳಲ್ಲಿ ಅದರ ನಿಯಂತ್ರಣವು ಮನೆಯಂಗಳದಿಂದಲೇ ಆರಂಭವಾಗಬೇಕಾಗುತ್ತದೆ. ಮೊಟ್ಟೆಯು ಲಾರ್ವಾ, ಎಂದರೆ ನೀರಿನಲ್ಲಿ ಬೆಳೆಯುವ ಮರಿಹುಳು, ಮತ್ತು ಕೋಶಾವಸ್ಥೆಗಳನ್ನು ದಾಟಿ ಸೊಳ್ಳೆಯಾಗಲು ಬೆಚ್ಚಗಿನ ವಾತಾವರಣದಲ್ಲಿ ಸುಮಾರು 7ರಿಂದ 10 ದಿನಗಳು ಸಾಕಾಗುತ್ತವೆ. ಆದ್ದರಿಂದ ವಾರಕ್ಕೊಮ್ಮೆ ನೀರನ್ನು ಚೆಲ್ಲುವುದರ ಜೊತೆಗೆ, ಅಂಚಿಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕಬಲ್ಲ ಮೊಟ್ಟೆಗಳು ಕಳಚಿ ಹೋಗುವಂತೆ ಪಾತ್ರೆಯ ಒಳಬದಿಯನ್ನು ಉಜ್ಜುವುದೂ ಅನಿವಾರ್ಯ. ನಿವಾಸಿಗಳು ಮೊದಲು ಬೇಡುವ ಫಾಗಿಂಗ್, ಅಂದರೆ ಕೀಟನಾಶಕದ ಹೊಗೆ ಹಾಯಿಸುವ ಕ್ರಮವು, ಹಾರುವ ಸೊಳ್ಳೆಗಳನ್ನಷ್ಟೇ ಕೊಲ್ಲುತ್ತದೆ, ನೀರಿನೊಳಗಿನ ಲಾರ್ವಾಗಳನ್ನು ಮುಟ್ಟುವುದಿಲ್ಲ. ಖಾಲಿ ಮಾಡಲಾಗದ ತೊಟ್ಟಿಗಳಿಗೆ ಬಿಗಿಯಾದ ಮುಚ್ಚಳ ಅಥವಾ ಲಾರ್ವಾಗಳನ್ನು ತಿನ್ನುವ ಗಪ್ಪಿ ಮೀನುಗಳೇ ಹೆಚ್ಚು ಉಪಯುಕ್ತ.