ಹತ್ತು ವೈಲ್ ಎಂದರೆ ಒಬ್ಬ ರೋಗಿ

ಮುಂಗಾರು ಹಿಡಿಯಿತೆಂದರೆ ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲಿನ ಭತ್ತದ ಬದು, ಹಿರೇಕೆರೂರಿನ ಗೋವಿನಜೋಳದ ಹೊಲ, ಸವಣೂರಿನ ಎಲೆತೋಟ, ಶಿಗ್ಗಾಂವಿಯ ಹತ್ತಿಸಾಲು ಎಲ್ಲ ಕಡೆ ಮನುಷ್ಯರೂ ಹಾವೂ ಒಂದೇ ನೆಲದಲ್ಲಿ ಓಡಾಡುತ್ತವೆ. ‘ಹುಳ ಮುಟ್ಟೈತ್ರಿ’ ಎಂದು ಬೈಕಿನ ಹಿಂದೆ ಕೂರಿಸಿಕೊಂಡು ಬಂದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೇಕಾಗುವುದು ಪ್ರತಿವಿಷ. ಆಸ್ಪತ್ರೆಯವರು ಅದನ್ನು ಎಎಸ್‌ವಿ ಎನ್ನುತ್ತಾರೆ. ಆ ರಾತ್ರಿ ಅದು ಕಪಾಟಿನಲ್ಲಿ ಇರುತ್ತದೋ ಇಲ್ಲವೋ ಎಂಬುದು ತಿಂಗಳುಗಳ ಹಿಂದೆ ಬರೆದ ಬೇಡಿಕೆ ಪಟ್ಟಿಯಲ್ಲೇ, ಅಂದರೆ ಇಂಡೆಂಟಿನಲ್ಲೇ, ತೀರ್ಮಾನವಾಗಿರುತ್ತದೆ.

ಈ ಔಷಧವನ್ನು ಬೇಕೆಂದಾಗ ಬೇಗ ತಯಾರಿಸಲಾಗದು. ದೇಶದ ಕಂಪನಿಗಳು ಬಳಸುವ ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ, ಹಾವು ಹಿಡಿಯುವ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಹುಟ್ಟಿದ ಸಂಘ ಅದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಸ್ವಲ್ಪಸ್ವಲ್ಪವಾಗಿ, ತಿಂಗಳುಗಟ್ಟಲೆ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ಔಷಧ ಮಾಡುತ್ತಾರೆ. ತಯಾರಕರು ಬೆರಳೆಣಿಕೆಯಷ್ಟು. ಜುಲೈಯಲ್ಲಿ ಕೊರತೆ ಕಂಡು ಆಗ ಆರ್ಡರ್ ಕೊಟ್ಟರೆ ಆ ವರ್ಷದ ಮಳೆಗಾಲ ಕಳೆದೇ ಹೋಗಿರುತ್ತದೆ.

ಕರ್ನಾಟಕದಲ್ಲಿ ಖರೀದಿ ಮಾಡುವುದು ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಟೆಂಡರ್ ಆಗಿ, ಗುಣಮಟ್ಟ ಪರೀಕ್ಷೆ ಮುಗಿದು, ಜಿಲ್ಲಾ ಉಗ್ರಾಣಕ್ಕೆ ಬಂದು, ಅಲ್ಲಿಂದ ಇಂಡೆಂಟ್ ಪ್ರಕಾರ ತಾಲ್ಲೂಕು ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರಗಳಿಗೆ ಹಂಚಿಕೆ. ತುರ್ತಿಗೆ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಸ್ಥಳೀಯವಾಗಿ ಕೊಳ್ಳುವ ದಾರಿಯೂ ಇದೆ.

ತೊಡಕು ಇಂಡೆಂಟಿನ ಲೆಕ್ಕದಲ್ಲಿದೆ. ಹಿಂದಿನ ವರ್ಷ ಎಷ್ಟು ಖರ್ಚಾಯಿತು ಎಂಬುದನ್ನು ನೋಡಿ ಈ ವರ್ಷದ ಬೇಡಿಕೆ ಬರೆಯುವುದು ವಾಡಿಕೆ. ಪ್ಯಾರಾಸಿಟಮಾಲ್‌ಗೆ ಇದು ಸರಿ. ಹಾವು ಕಡಿತಕ್ಕೆ ಇದೇ ಉರುಳು. ಒಂದು ಕೇಂದ್ರದಲ್ಲಿ ಔಷಧವಿಲ್ಲ, ಅಥವಾ ಕೊಡಲು ವೈದ್ಯರಿಗೆ ಧೈರ್ಯವಿಲ್ಲ ಎಂದುಕೊಳ್ಳಿ. ರೋಗಿಯನ್ನು ಮುಂದಕ್ಕೆ ಕಳಿಸುತ್ತಾರೆ. ಶಿಗ್ಗಾಂವಿಯವರು ಹೆದ್ದಾರಿ ಹಿಡಿದು ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ, ಹಿರೇಕೆರೂರಿನವರು ಶಿವಮೊಗ್ಗಕ್ಕೋ ದಾವಣಗೆರೆಗೋ. ಕಳಿಸಿದ ಕೇಂದ್ರದ ಸ್ಟಾಕ್ ರಿಜಿಸ್ಟರಿನಲ್ಲಿ ಖರ್ಚು ಸೊನ್ನೆ. ಖರ್ಚು ಸೊನ್ನೆಯಾದ್ದರಿಂದ ಮುಂದಿನ ವರ್ಷದ ಹಂಚಿಕೆಯೂ ಸೊನ್ನೆ, ಅಥವಾ ನೆಪಕ್ಕೆ ನಾಲ್ಕು ವೈಲ್ (ಔಷಧದ ಸಣ್ಣ ಸೀಸೆ). ರೋಗಿ ಬಂದದ್ದು, ವಾಪಸ್ ಹೋದದ್ದು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ನಾಲ್ಕು ವೈಲ್ ಎಂಬುದಂತೂ ಯಾರಿಗೂ ಉಪಯೋಗಕ್ಕೆ ಬರದ ಸಂಖ್ಯೆ. ವಿಷ ಏರಿದ ಲಕ್ಷಣ ಕಂಡವರಿಗೆ ಮೊದಲ ಸುತ್ತಿನಲ್ಲೇ 8ರಿಂದ 10 ವೈಲ್ ಬೇಕು. ಮಕ್ಕಳಿಗೂ ಅಷ್ಟೇ, ಏಕೆಂದರೆ ಹಾವು ಚಿಕ್ಕವರೆಂದು ಕಡಿಮೆ ವಿಷ ಬಿಡುವುದಿಲ್ಲ. ಹಾಗಾಗಿ ದಾಸ್ತಾನನ್ನು ವೈಲ್‌ಗಳಲ್ಲಿ ಬರೆಯುವ ಬದಲು ರೋಗಿಗಳಲ್ಲಿ ಬರೆಯಬೇಕೆಂದು ನನ್ನ ಅಭಿಪ್ರಾಯ. ಹದಿನಾರು ವೈಲ್ ಇವೆ ಎನ್ನುವುದಕ್ಕಿಂತ ಹತ್ತರ ಲೆಕ್ಕದಲ್ಲಿ ‘ಒಬ್ಬರಿಗೆ ಸಾಕು, ಇಬ್ಬರಿಗೆ ಸಾಲದು’ ಎಂದರೆ ಉಗ್ರಾಣದಲ್ಲಿ ಕೂತವರಿಗೂ ಅರ್ಥವಾಗುತ್ತದೆ.

ಔಷಧದ ಜೊತೆಗೆ ಇರಲೇಬೇಕಾದ ಸಣ್ಣ ಸಾಮಾನುಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಪ್ರತಿವಿಷ ಕುದುರೆಯ ಪ್ರೋಟೀನ್, ಕೆಲವರಿಗೆ ಒಗ್ಗದೆ ಉಸಿರು ಕಟ್ಟಬಹುದು. ಆಗ ಬೇಕಾದದ್ದು ಅಡ್ರಿನಲಿನ್, ಬೆಲೆ ತೀರಾ ಕಡಿಮೆ. ಅದು ಸಿರಿಂಜಿನಲ್ಲಿ ಸಿದ್ಧವಿಲ್ಲ ಎಂಬ ಭಯಕ್ಕೇ ಎಷ್ಟೋ ಕಡೆ ರೋಗಿಯನ್ನು ಮುಂದಕ್ಕೆ ಸಾಗಿಸುವುದುಂಟು. ಇನ್ನೊಂದು, ಗಾಜಿನ ಪ್ರನಾಳ. ಸ್ವಲ್ಪ ರಕ್ತವನ್ನು ಅದರಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಒಳಸೇರಿದೆ ಎಂದೇ ಲೆಕ್ಕ. ಪ್ಲಾಸ್ಟಿಕ್ ಕೊಳವೆಯಲ್ಲಿ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಎಲ್ಲವೂ ಪ್ಲಾಸ್ಟಿಕ್ ಆಗಿರುವ ಈ ಕಾಲದಲ್ಲಿ ಗಾಜಿನದನ್ನು ನೆನಪಿಟ್ಟು ಇಂಡೆಂಟಿಗೆ ಸೇರಿಸುವವರು ಬೇಕು. ಕರೆಂಟಿನ ಚಿಂತೆ ಮಾತ್ರ ಸ್ವಲ್ಪ ಕಡಿಮೆ: ಪುಡಿ ರೂಪದ ಪ್ರತಿವಿಷ ಫ್ರಿಜ್ ಇಲ್ಲದ ತಂಪು ಕೋಣೆಯಲ್ಲೂ ತಾಳುತ್ತದೆ, 2ರಿಂದ 8 ಡಿಗ್ರಿ ಬೇಡುವುದು ದ್ರವ ರೂಪದ್ದು.

ಸೊನ್ನೆಯ ಉರುಳನ್ನು ಬಿಡಿಸಲು ಒಂದು ಆಯುಧ ಈಗ ಇದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಖಾಸಗಿ ಆಸ್ಪತ್ರೆಗಳೂ ಲೆಕ್ಕ ಕೊಡಬೇಕು. ಇದರ ಅಗತ್ಯ ದೊಡ್ಡದು. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ಮನೆಮನೆ ಸಮೀಕ್ಷೆ ಆಧರಿಸಿದ ಅಧ್ಯಯನ ಅಂದಾಜಿಸಿತ್ತು. ಬಹುತೇಕ ಸಾವುಗಳು ಸಂಭವಿಸಿದ್ದು ಆಸ್ಪತ್ರೆಯ ಹೊರಗೆ. ಎಲ್ಲಿ ಕಡಿಯಿತು, ಮೊದಲು ಯಾವ ಕೇಂದ್ರಕ್ಕೆ ಹೋದರು ಎಂಬುದನ್ನೂ ಹುಬ್ಬಳ್ಳಿಯಲ್ಲಿ ಬರೆದುಕೊಂಡು ಹಾವೇರಿ ಜಿಲ್ಲೆಗೆ ತಿಳಿಸಿದರೆ ಹಾನಗಲ್ಲಿನ ರೋಗಿ ಹಾನಗಲ್ಲಿನ ಇಂಡೆಂಟಿಗೆ ಸೇರುತ್ತಾನೆ. ಊರು ಬಿಟ್ಟು ಬರೀ ಸಂಖ್ಯೆ ಕಳಿಸಿದರೆ ಆ ವರದಿಯಿಂದ ಉಗ್ರಾಣದವರಿಗೆ ಏನೂ ತಿಳಿಯುವುದಿಲ್ಲ.

ಆರೋಗ್ಯ ರಕ್ಷಾ ಸಮಿತಿಯಲ್ಲಿ ಊರಿನವರೂ ಇರುತ್ತಾರೆ. ಅವರು ಏಪ್ರಿಲ್ ಸಭೆಯಲ್ಲೇ ಕೇಳಬಹುದು: ಎಷ್ಟು ರೋಗಿಗಳಿಗಾಗುವಷ್ಟು ಇದೆ, ಅವಧಿ ಮುಗಿಯುವ ತಿಂಗಳು ಯಾವುದು, ಅಡ್ರಿನಲಿನ್ ಎಲ್ಲಿದೆ, ರಾತ್ರಿ ಕಪಾಟಿನ ಕೀಲಿ ಯಾರ ಹತ್ತಿರ. ಅವಧಿ ಸಮೀಪಿಸಿದ ವೈಲ್‌ಗಳು ಸವಣೂರಿನಲ್ಲಿ ಉಳಿದು ಹಿರೇಕೆರೂರಿನಲ್ಲಿ ಕೊರತೆ ಇದ್ದರೆ, ಮಳೆಗೆ ಮುಂಚೆ ಅವನ್ನು ಅತ್ತ ಸಾಗಿಸಲು ಹೊಸ ಟೆಂಡರ್ ಬೇಕಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳ ಒಂದು ಪತ್ರ, ಒಂದು ಜೀಪು ಸಾಕು.